ಲೀಟರ್ ತೂಕ ಗೊತ್ತಿದ್ದರೆ ಲೆಕ್ಕ ನಮ್ಮ ಕೈಲಿ: ಮೆಣಸು, ಗೊಬ್ಬರ, ಮಣ್ಣಿನ ಸಾಂದ್ರತೆ

ಕಾಫಿ ತೋಟದಲ್ಲಿ ಕೆಲವು ವಸ್ತು ತೂಕದಲ್ಲಿ ನಡೆಯುತ್ತೆ, ಕೆಲವು ಅಳತೆಯಲ್ಲಿ. ಕಾಫಿ, ಮೆಣಸು ಕೊಡುವುದು ಕೆ.ಜಿ. ಲೆಕ್ಕದಲ್ಲಿ. ಕೊಟ್ಟಿಗೆ ಗೊಬ್ಬರ ತರಿಸುವುದು ಟ್ರ್ಯಾಕ್ಟರ್ ಲೋಡ್ ಲೆಕ್ಕದಲ್ಲಿ. ಬೇವಿನೆಣ್ಣೆ ಲೀಟರ್, ಜಲ್ಲಿ ಘನ ಅಡಿ. ಆದರೆ ಶಿಫಾರಸು ಮಾತ್ರ ಎಕರೆಗೆ ಇಷ್ಟು ಟನ್, ಗಿಡಕ್ಕೆ ಇಷ್ಟು ಕೆ.ಜಿ. ಅಂತ ಬರುತ್ತೆ. ಹಾಗಾದ್ರೆ ಒಂದು ಲೋಡ್ ಗೊಬ್ಬರ ಅಂದ್ರೆ ಎಷ್ಟು ಟನ್? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಅಳತೆಯಿಂದ ತೂಕಕ್ಕೆ, ತೂಕದಿಂದ ಅಳತೆಗೆ ದಾಟಿಸುವ ಸಂಖ್ಯೆಯೇ ಸಾಂದ್ರತೆ. ಎಂಟನೇ ಒಂಬತ್ತನೇ ಕ್ಲಾಸಲ್ಲಿ ಓದಿ ಬಿಟ್ಟಿದ್ದೇವೆ. ಆದರೆ ಮೆಣಸಿನ ವ್ಯಾಪಾರಿ ಬಿಟ್ಟಿಲ್ಲ. ಅವರು ಒಂದು ಲೀಟರ್ ಅಳತೆಗೆ ನಿಮ್ಮ ಮೆಣಸು ತುಂಬಿ, ತೂಗಿ, ಆಮೇಲೆ ರೇಟ್ ಹೇಳ್ತಾರೆ. ಅದೇ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋದರೆ ಮಾತುಕತೆ ಬೇರೆ ಥರ ಇರುತ್ತೆ. ಬೇಕಾಗಿರೋದು ಒಂದು ಡಿಜಿಟಲ್ ತಕ್ಕಡಿ, ನೀರು, ಮೊಬೈಲ್‌ನ ಕ್ಯಾಲ್ಕುಲೇಟರ್. ಅಷ್ಟೇ.

ಮೊದಲು ಮೂಲ ಲೆಕ್ಕ

ಸಾಂದ್ರತೆ = ತೂಕ ÷ ಗಾತ್ರ

ಗಾತ್ರ ಅಂದರೆ ವಸ್ತು ಹಿಡಿಯುವ ಜಾಗ. ಒಂದು ಕೆ.ಜಿ. ಹತ್ತಿಯೂ ಒಂದು ಕೆ.ಜಿ. ಕಬ್ಬಿಣವೂ ತಕ್ಕಡಿಯಲ್ಲಿ ಒಂದೇ, ಹಿಡಿಯುವ ಜಾಗ ಬೇರೆ. (ವಿಜ್ಞಾನದ ಪುಸ್ತಕದಲ್ಲಿ ತೂಕದ ಬದಲು 'ದ್ರವ್ಯರಾಶಿ' ಅಂತ ಇರುತ್ತೆ. ತೋಟದ ಲೆಕ್ಕಕ್ಕೆ ತಕ್ಕಡಿ ತೋರಿಸುವ ಕೆ.ಜಿ. ಸಾಕು.)

ಇದನ್ನೇ ತಿರುಗಿಸಿದರೆ ಇನ್ನೆರಡು ಸೂತ್ರ ಸಿಗುತ್ತೆ:

- ತೂಕ = ಗಾತ್ರ × ಸಾಂದ್ರತೆ
- ಗಾತ್ರ = ತೂಕ ÷ ಸಾಂದ್ರತೆ

ಯೂನಿಟ್ ಬಗ್ಗೆ ಗಾಬರಿ ಬೇಡ. ಒಂದು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ, ಒಂದು ಲೀಟರಿಗೆ ಎಷ್ಟು ಕೆ.ಜಿ., ಒಂದು ಘನ ಮೀಟರಿಗೆ ಎಷ್ಟು ಟನ್, ಈ ಮೂರರಲ್ಲೂ ಸಂಖ್ಯೆ ಒಂದೇ ಬರುತ್ತೆ. ನೀರಿಗೆ ಮೂರರಲ್ಲೂ 1. ಮೆಣಸಿನವರು ಮಾತ್ರ 'ಲೀಟರಿಗೆ 550 ಗ್ರಾಂ' ಅಂತಾರೆ. ಅದು 0.55 ಕೆ.ಜಿ. ಅಷ್ಟೇ.

ಹಿಂದಿನವರು ಭತ್ತ, ರಾಗಿ ಅಳೆಯುತ್ತಿದ್ದ ಸೇರು, ಕೊಳಗ, ಖಂಡುಗ ಎಲ್ಲ ಗಾತ್ರದ ಅಳತೆ. ಒಂದು ಕೊಳಗ ಭತ್ತವೂ ಒಂದು ಕೊಳಗ ರಾಗಿಯೂ ಒಂದೇ ತೂಕ ಅಲ್ಲ ಅಂತ ಅವರಿಗೆ ಗೊತ್ತಿತ್ತು. ಜೊಳ್ಳು ಭತ್ತದ ಕೊಳಗ ಎತ್ತಿದ ಕೂಡಲೇ ಕೈಗೆ ತಿಳಿಯುತ್ತಿತ್ತು. ನಾವು ಕೈಯಂದಾಜಿಗೆ ಸಂಖ್ಯೆ ಕೊಡ್ತಿದ್ದೇವೆ, ಹೊಸದೇನಿಲ್ಲ.

ಯಾವ ಪಾತ್ರೆಯಾದರೂ ನೀರಿನಿಂದ ಅಳತೆ ಆಗುತ್ತೆ

ಅಂಗಡಿಯ ಬಕೆಟ್ ಮೇಲೆ '20 ಲೀಟರ್' ಅಂತ ಇರುತ್ತೆ. ಅಂಚಿನ ತನಕ ತುಂಬಿದರೆ ಅಷ್ಟೇ ಹಿಡಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಪರೀಕ್ಷೆ ಸುಲಭ:

1. ಖಾಲಿ ಪಾತ್ರೆ ತೂಗಿ.
2. ಅಂಚಿನ ತನಕ ನೀರು ತುಂಬಿ ಮತ್ತೆ ತೂಗಿ.
3. ವ್ಯತ್ಯಾಸ ಎಷ್ಟು ಕೆ.ಜಿ.ಯೋ ಅಷ್ಟೇ ಲೀಟರ್.

ಬಕೆಟ್‌ನ ನೀರಿನ ತೂಕ 18.6 ಕೆ.ಜಿ. ಬಂದರೆ ಅದು 18.6 ಲೀಟರ್ ಬಕೆಟ್. ಪರ್ಮನೆಂಟ್ ಮಾರ್ಕರಲ್ಲಿ ಬಕೆಟ್ ಮೇಲೆಯೇ ಬರೆದುಬಿಡಿ. ನೀರಿನ ಬಿಸಿ ತಂಪಿನಿಂದ ಆಗುವ ವ್ಯತ್ಯಾಸ ನಮ್ಮ ಕೆಲಸಕ್ಕೆ ಲೆಕ್ಕಕ್ಕಿಲ್ಲ.

ಗಟ್ಟಿ ಸಾಂದ್ರತೆ ಬೇರೆ, ರಾಶಿ ಸಾಂದ್ರತೆ ಬೇರೆ

ತುಂಬಾ ಜನ ಗೊಂದಲ ಆಗೋದು ಇಲ್ಲೇ. ಗ್ರಾನೈಟ್ ಬಂಡೆಯ ಸಾಂದ್ರತೆ ಸುಮಾರು 2.65. ಅದೇ ಕಲ್ಲನ್ನು ಒಡೆದು ಜಲ್ಲಿ ಮಾಡಿ ರಾಶಿ ಹಾಕಿದರೆ ರಾಶಿಯ ಸಾಂದ್ರತೆ ಸುಮಾರು 1.5ಕ್ಕೆ ಇಳಿಯುತ್ತೆ. ಕಲ್ಲು ಹಗುರ ಆಗಿಲ್ಲ. ನಡುವೆ ಗಾಳಿ ಸೇರಿಕೊಂಡಿದೆ.

ಮೆಣಸು, ಕಾಫಿ, ಗೊಬ್ಬರ, ಮಣ್ಣು ಇವೆಲ್ಲದರಲ್ಲೂ ನಾವು ಅಳೆಯೋದು ರಾಶಿ ಸಾಂದ್ರತೆ. ಅಂದ್ರೆ ವಸ್ತು ಮತ್ತು ಅದರ ನಡುವಿನ ಸಂದು ಎರಡೂ ಸೇರಿ. ಆದ್ದರಿಂದ ಕುಲುಕಿ ತುಂಬಿದರೆ ಒಂದು ಲೆಕ್ಕ, ಸಡಿಲವಾಗಿ ತುಂಬಿದರೆ ಇನ್ನೊಂದು ಲೆಕ್ಕ ಬರುತ್ತೆ. ಹಸಿ ಇದ್ದರೆ ಮತ್ತೊಂದು. ಯಾರಾದರೂ ಸಾಂದ್ರತೆಯ ಸಂಖ್ಯೆ ಹೇಳಿದರೆ ನೀವು ಕೇಳಬೇಕಾದ್ದು ಎರಡು ಪ್ರಶ್ನೆ: ಹೇಗೆ ತುಂಬಿದ್ದು? ಎಷ್ಟು ಒಣಗಿತ್ತು?

ಮೆಣಸು: ಲೀಟರ್ ತೂಕವೇ ರೇಟ್

ಇಂಟರ್‌ನ್ಯಾಷನಲ್ ಪೆಪ್ಪರ್ ಕಮ್ಯೂನಿಟಿ ಅಂತ ಮೆಣಸು ಬೆಳೆಯುವ ದೇಶಗಳ ಒಕ್ಕೂಟ ಇದೆ, ಭಾರತವೂ ಅದರ ಸದಸ್ಯ. ಅವರ ಮಾನದಂಡದಲ್ಲಿ ಕರಿಮೆಣಸಿನ ಮೊದಲ ದರ್ಜೆಗೆ ಲೀಟರಿಗೆ ಕನಿಷ್ಠ 550 ಗ್ರಾಂ, ಎರಡನೇ ದರ್ಜೆಗೆ 500 ಗ್ರಾಂ ಇರಬೇಕು. ಊರಿನ ವ್ಯಾಪಾರದಲ್ಲೂ '500', '550' ಅನ್ನೋ ಮಾತು ಕೇಳಿರ್ತೀರಿ.

ಲೀಟರ್ ತೂಕಕ್ಕೆ ಇಷ್ಟು ಬೆಲೆ ಯಾಕೆ? ಕಾಳು ಬಲಿತು ಒಳಗೆ ತುಂಬಿಕೊಂಡಿದ್ದರೆ ಅಷ್ಟೇ ಜಾಗದಲ್ಲಿ ಹೆಚ್ಚು ತೂಕ ಕೂರುತ್ತೆ. ಎಳಸಿದ್ದಾಗ ಕುಯ್ದ ಕಾಳು, ಪೊಳ್ಳು, ಸಣ್ಣ ಚುಕ್ಕಿಕಾಳು, ತೊಟ್ಟು ಇವೆಲ್ಲ ಜಾಗ ತಿನ್ನುತ್ತೆ, ತೂಕ ಕೊಡಲ್ಲ. ಒಂದೇ ಸಂಖ್ಯೆಯಲ್ಲಿ ಮಾಲಿನ ಅರ್ಧ ಜಾತಕ ಸಿಕ್ಕಿಬಿಡುತ್ತೆ.

ಮನೆಯಲ್ಲಿ ಅಳೆಯೋದು ಹೀಗೆ:

1. ಹಾಲು ಅಳೆಯುವ ಸ್ಟೀಲ್ ಲೀಟರ್ ತಗೊಳ್ಳಿ. ಮೊದಲು ನೀರು ತುಂಬಿ ಅದು ನಿಜವಾಗಿ ಎಷ್ಟು ಅಂತ ನೋಡಿ. ಆಮೇಲೆ ಪೂರ್ತಿ ಒರೆಸಿ ಒಣಗಿಸಿ.
2. ಚೀಲದ ಮೇಲೆ, ನಡುವೆ, ತಳ ಹೀಗೆ ಐದಾರು ಕಡೆಯಿಂದ ಮೆಣಸು ತೆಗೆದು ಕಲಸಿ. ಚೀಲ ಅಲುಗಾಡಿದಾಗ ಹುಡಿ, ಚುಕ್ಕಿಕಾಳು ತಳಕ್ಕೆ ಇಳಿದಿರುತ್ತೆ. ಬರೀ ಮೇಲಿಂದ ತೆಗೆದರೆ ಮಾಲಿನ ನಿಜ ಸಿಗಲ್ಲ.
3. ಒಂದು ಗೇಣು ಎತ್ತರದಿಂದ ಒಂದೇ ಸಮ ಸುರಿದು ಉಕ್ಕುವಷ್ಟು ತುಂಬಿ. ಕುಲುಕಬೇಡಿ, ತಟ್ಟಬೇಡಿ, ಒತ್ತಬೇಡಿ.
4. ಸ್ಕೇಲಿನಿಂದ ಅಂಚಿಗೆ ಸಮ ಎಳೆದು ತೂಗಿ. ಪಾತ್ರೆಯ ತೂಕ ಕಳೆಯಿರಿ.
5. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ನಿಮ್ಮ 'ಲೀಟರ್' ನಿಜವಾಗಿ 985 ಮಿ.ಲೀ. ಇದ್ದು, ಮೆಣಸು 530 ಗ್ರಾಂ ಬಂತು ಅಂತಿಟ್ಟುಕೊಳ್ಳಿ. 530 ÷ 985 × 1000 = 538. ಪಾತ್ರೆ ಸರಿ ನೋಡದೇ ಇದ್ದಿದ್ದರೆ ನಿಮ್ಮ ಮಾಲು 8 ಗ್ರಾಂ ಕಡಿಮೆ ಅಂತ ನೀವೇ ಒಪ್ಪಿಕೊಳ್ಳುತ್ತಿದ್ದಿರಿ. ಅಂಗಡಿಯಲ್ಲಿ ಅಳೆಯುವಾಗಲೂ ಪಾತ್ರೆ ನೋಡಿ, ತುಂಬುವ ರೀತಿ ನೋಡಿ. ಕೇಳೋದರಲ್ಲಿ ತಪ್ಪೇನಿಲ್ಲ.

ಇನ್ನೊಂದು ವಿಷಯ. ತೇವಾಂಶ ಶೇ. 11–12ಕ್ಕೆ ಇಳಿದ ಮೇಲೆ ಅಳೆಯಿರಿ. ಸರಿ ಒಣಗದ ಮಾಲಿನ ಲೀಟರ್ ತೂಕಕ್ಕೂ ಒಣಗಿದ್ದರ ಲೀಟರ್ ತೂಕಕ್ಕೂ ಹೋಲಿಕೆ ಮಾಡಿ ಉಪಯೋಗ ಇಲ್ಲ.

ತೂರಿದರೆ ಲಾಭವೋ ನಷ್ಟವೋ?

'ಗಾಳಿ ಬಂದಾಗ ತೂರಿಕೋ' ಅನ್ನೋ ಗಾದೆ ಇದೆ. ಆದರೆ ತೂರುವ ಮೊದಲು ಲೆಕ್ಕ ಹಾಕಿಕೊಳ್ಳಿ, ಯಾಕಂದ್ರೆ ತೂರಿದರೆ ತೂಕ ಕಡಿಮೆಯಾಗುತ್ತೆ.

ಉದಾಹರಣೆಗೆ ನಿಮ್ಮ ಹತ್ತಿರ 300 ಕೆ.ಜಿ. ಮೆಣಸು ಇದೆ, ಲೀಟರ್ ತೂಕ 520. ತೂರಿ, ಕೇರಿ 15 ಕೆ.ಜಿ. ಪೊಳ್ಳು ತೆಗೆದಿರಿ. ಆ ಪೊಳ್ಳಿನ ಲೀಟರ್ ತೂಕ 300. ಉಳಿದ ಮಾಲಿನ ಲೀಟರ್ ತೂಕ ಎಷ್ಟಾಗಬೇಕು?

- ಒಟ್ಟು ಗಾತ್ರ: 300 ÷ 0.52 = 577 ಲೀಟರ್
- ಪೊಳ್ಳಿನ ಗಾತ್ರ: 15 ÷ 0.30 = 50 ಲೀಟರ್
- ಉಳಿದದ್ದು: 285 ಕೆ.ಜಿ., 527 ಲೀಟರ್
- ಹೊಸ ಲೀಟರ್ ತೂಕ: 285 ÷ 527 = 0.541, ಅಂದ್ರೆ ಹೆಚ್ಚುಕಡಿಮೆ 541 ಗ್ರಾಂ

ಗಮನಿಸಿ, ತೂಕ ತೂಕದ ಜೊತೆ, ಗಾತ್ರ ಗಾತ್ರದ ಜೊತೆ ಕೂಡಿಸಿ ಕಳೆದಿದ್ದೇವೆ. ಲೀಟರ್ ತೂಕಗಳನ್ನೇ ನೇರವಾಗಿ ಕೂಡಿ ಸರಾಸರಿ ತೆಗೆಯಬಾರದು. ಎರಡು ಲಾಟ್ ಕಲಸುವಾಗಲೂ ಇದೇ ನಿಯಮ.

ಈಗ ದುಡ್ಡಿನ ಲೆಕ್ಕ. ಲೆಕ್ಕಕ್ಕಾಗಿ ಮಾತ್ರ ಕೆ.ಜಿ.ಗೆ 600 ರೂ. ಅಂತಿಟ್ಟುಕೊಳ್ಳೋಣ. ತೂರದೇ ಕೊಟ್ಟರೆ 300 × 600 = 1,80,000 ರೂ. ತೂರಿದ ಮೇಲೆ 285 ಕೆ.ಜಿ. ಮಾತ್ರ. ಪೊಳ್ಳನ್ನು ಬೇರೆಯಾಗಿ ಕೆ.ಜಿ.ಗೆ 200ರಂತೆ ಕೊಟ್ಟರೆ 3,000 ರೂ. ಬರುತ್ತೆ. ಉಳಿದ 1,77,000 ರೂಪಾಯಿಯನ್ನು 285 ಕೆ.ಜಿ.ಯಿಂದ ಪಡೆಯಬೇಕು. 1,77,000 ÷ 285 = 621. ಅಂದ್ರೆ 541ರ ಮಾಲಿಗೆ ಕೆ.ಜಿ.ಗೆ 621 ರೂ. ಮೇಲೆ ಕೊಟ್ಟರೆ ಮಾತ್ರ ತೂರಿದ್ದು ಗಿಟ್ಟುತ್ತೆ, ಅದರ ಮೇಲೆ ಆಳಿನ ಕೂಲಿ ಬೇರೆ. ಕೊಡಲ್ಲ ಅಂದ್ರೆ ತೂರದೇ ಕೊಡುವುದೇ ಮೇಲು. ಅವತ್ತಿನ ರೇಟ್ ಹಾಕಿ ಎರಡು ನಿಮಿಷದಲ್ಲಿ ನೋಡಬಹುದು.

ಗೊಬ್ಬರ: ಭಾರದ ಲೋಡ್ ಒಳ್ಳೇ ಲೋಡ್ ಅಲ್ಲ

ಮೆಣಸಿನಲ್ಲಿ ಭಾರ ಇದ್ದಷ್ಟೂ ಒಳ್ಳೇದು. ಗೊಬ್ಬರದಲ್ಲಿ ಹಾಗಲ್ಲ. ಇಲ್ಲಿ ಭಾರ ಅಂದ್ರೆ ಬಹಳ ಸಲ ನೀರು, ಇಲ್ಲಾಂದ್ರೆ ಮಣ್ಣು.

ಟ್ರೈಲರ್‌ನ ಒಳಗಿನ ಉದ್ದ, ಅಗಲ, ಗೊಬ್ಬರ ನಿಂತ ಎತ್ತರ ಟೇಪ್ ಹಿಡಿದು ಅಳೆಯಿರಿ. 10 ಅಡಿ × 6 ಅಡಿ × 2 ಅಡಿ = 120 ಘನ ಅಡಿ. ಒಂದು ಘನ ಅಡಿ 28.3 ಲೀಟರ್. ಒಟ್ಟು ಸುಮಾರು 3,400 ಲೀಟರ್, ಅಂದ್ರೆ 3.4 ಘನ ಮೀಟರ್.

ಈಗ ಗುರುತು ಮಾಡಿದ ಬಕೆಟ್‌ಗೆ ಲೋಡಿನಲ್ಲಿ ಇರುವಷ್ಟೇ ಸಡಿಲವಾಗಿ ಗೊಬ್ಬರ ತುಂಬಿ ತೂಗಿ, ಸಾಂದ್ರತೆ ತೆಗೆಯಿರಿ. ಜೊತೆಗೆ ಬೇರೆ ಬೇರೆ ಕಡೆಯಿಂದ ಕಲಸಿದ ಒಂದು ಕೆ.ಜಿ. ಸ್ಯಾಂಪಲ್ ತಗೊಂಡು, ತೆಳುವಾಗಿ ಹರಡಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ. ಎರಡು ಲೋಡ್ ಹೋಲಿಸೋಣ:

- ಲೋಡ್ ಅ: ಲೀಟರಿಗೆ 0.65 ಕೆ.ಜಿ. 3.4 × 0.65 = 2.21 ಟನ್. ಒಂದು ಕೆ.ಜಿ. ಒಣಗಿ 400 ಗ್ರಾಂ ಆಯ್ತು. ಒಣ ಗೊಬ್ಬರ 2.21 × 0.40 = 0.88 ಟನ್.
- ಲೋಡ್ ಆ: ಲೀಟರಿಗೆ 0.50 ಕೆ.ಜಿ. 3.4 × 0.50 = 1.70 ಟನ್. ಒಂದು ಕೆ.ಜಿ. ಒಣಗಿ 650 ಗ್ರಾಂ ಆಯ್ತು. ಒಣ ಗೊಬ್ಬರ 1.70 × 0.65 = 1.10 ಟನ್.

ಎರಡಕ್ಕೂ 6,000 ರೂ. ಕೊಟ್ಟಿದ್ದೀರಿ ಅಂದ್ರೆ, ಲೋಡ್ 'ಅ'ನಲ್ಲಿ ಒಂದು ಟನ್ ಒಣ ಗೊಬ್ಬರಕ್ಕೆ ಸುಮಾರು 6,800 ರೂ. ಬಿತ್ತು, ಲೋಡ್ 'ಆ'ನಲ್ಲಿ ಸುಮಾರು 5,400 ರೂ. ನೋಡೋಕೆ ಭಾರವಾಗಿ, ಕಪ್ಪಗೆ, ಚೆನ್ನಾಗಿ ಕಂಡ ಲೋಡಿನಲ್ಲೇ ಗೊಬ್ಬರ ಕಡಿಮೆ. ಟನ್ ಲೆಕ್ಕದಲ್ಲಿ ಕೊಂಡರಂತೂ ನೀರಿಗೂ ದುಡ್ಡು ಕೊಟ್ಟಂಗೆ.

ಮಣ್ಣು ಬೆರೆಸಿದ್ದಾರಾ ಅನ್ನೋ ಅನುಮಾನ ಇದ್ದರೆ ಗಾಜಿನ ಬಾಟಲಿಗೆ ಒಂದು ಹಿಡಿ ಗೊಬ್ಬರ, ಮುಕ್ಕಾಲು ನೀರು ಹಾಕಿ ಕುಲುಕಿ ಇಡಿ. ಮರಳು, ಮಣ್ಣಿನ ಕಣದ ಸಾಂದ್ರತೆ ಸುಮಾರು 2.65, ಅದಕ್ಕೇ ಮರಳು ಬೇಗ ತಳ ಸೇರುತ್ತೆ. ಸೊಪ್ಪು ಸದೆಯ ಚೂರು ಅದಕ್ಕಿಂತ ತುಂಬಾ ಹಗುರ, ನಿಧಾನವಾಗಿ ಇಳಿಯುತ್ತೆ ಅಥವಾ ತೇಲುತ್ತೆ. ತಳದ ಮರಳಿನ ಪದರ ಎಷ್ಟು ದಪ್ಪ ಅಂತ ಕಣ್ಣಿಗೇ ಕಾಣುತ್ತೆ.

ಸಿಂಪಡಣೆ: ಮಗ್ಗಿನ ಅಳತೆ ನಂಬಬೇಡಿ

ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಇದು ತೂಕದ ಲೆಕ್ಕ. ಅದೇ ಮಗ್ಗಿನಲ್ಲಿ ಒಂದು ಮಗ್ ಮೈಲುತುತ್ತ, ಒಂದು ಮಗ್ ಸುಣ್ಣದ ಪುಡಿ ಹಾಕಿದರೆ ತೂಕ ಸಮ ಬರಲ್ಲ. ಹರಳಿನ ಮೈಲುತುತ್ತ ಭಾರ, ಅರಳಿದ ಸುಣ್ಣದ ಪುಡಿ ಹಗುರ. ಮಗ್ಗೇ ಬೇಕು ಅಂದ್ರೆ, ಪ್ರತಿ ವಸ್ತುವಿಗೂ ಒಂದು ಕೆ.ಜಿ. ಎಲ್ಲಿಗೆ ಬರುತ್ತೆ ಅಂತ ತೂಗಿ ಬೇರೆ ಬೇರೆ ಗೆರೆ ಹಾಕಿ. ಹೊಸ ಚೀಲ ತೆರೆದಾಗ ಮತ್ತೊಮ್ಮೆ ತೂಗಿ.

ಎಣ್ಣೆಯಲ್ಲೂ ಹಾಗೇ. ಬೇವಿನೆಣ್ಣೆ ಲೀಟರಿಗೆ ಸುಮಾರು 0.92 ಕೆ.ಜಿ. ಒಂದು ಕೆ.ಜಿ. ಕೊಂಡರೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತೆ. ಜೇನುತುಪ್ಪ ಇದಕ್ಕೆ ಉಲ್ಟಾ, ಲೀಟರಿಗೆ ಸುಮಾರು 1.4 ಕೆ.ಜಿ. ಇಬ್ಬರು ರೇಟ್ ಹೇಳಿದಾಗ ಒಬ್ಬರದ್ದು ಕೆ.ಜಿ., ಇನ್ನೊಬ್ಬರದ್ದು ಲೀಟರ್ ಆಗಿದ್ದರೆ ಮೊದಲು ಒಂದೇ ಯೂನಿಟ್‌ಗೆ ತನ್ನಿ.

ಕಾಫಿ: ಇಲ್ಲಿ ನೀರೇ ತಕ್ಕಡಿ

ಸಾಂದ್ರತೆ 1ಕ್ಕಿಂತ ಜಾಸ್ತಿ ಇದ್ದರೆ ನೀರಲ್ಲಿ ಮುಳುಗುತ್ತೆ, ಕಡಿಮೆ ಇದ್ದರೆ ತೇಲುತ್ತೆ. ಚೆನ್ನಾಗಿ ಬಲಿತ ಹಣ್ಣು ಮುಳುಗುತ್ತೆ. ಕಾಯಿಕೊರಕ ಕೊರೆದದ್ದು, ಒಳಗೆ ಬೀಜ ಕೂರದ್ದು, ಗಿಡದಲ್ಲೇ ಒಣಗಿದ್ದು ತೇಲುತ್ತೆ. ಪಲ್ಪಿಂಗ್‌ಗೆ ಮೊದಲು ತೊಟ್ಟಿಯಲ್ಲಿ ತೇಲುಹಣ್ಣು ಬೇರೆ ಮಾಡೋದು, ನರ್ಸರಿ ಬೀಜ ಆರಿಸುವಾಗ ತೇಲಿದ್ದನ್ನು ಬಿಡೋದು ಎರಡೂ ಸಾಂದ್ರತೆಯ ಪರೀಕ್ಷೆಯೇ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗಾಳಿ ಮತ್ತು ಅಲುಗಾಟ ಬಳಸಿ ಹಗುರ ಬೀಜ ಬೇರೆ ಮಾಡುವ ಗ್ರಾವಿಟಿ ಟೇಬಲ್‌ನ ತತ್ವವೂ ಇದೇ.

ಇದನ್ನು ಸಂಖ್ಯೆ ಮಾಡಿಕೊಳ್ಳಿ. ಪ್ರತಿ ಬ್ಲಾಕಿನಿಂದ 100 ಹಣ್ಣು ಬಕೆಟ್ ನೀರಿಗೆ ಹಾಕಿ ತೇಲಿದ್ದನ್ನು ಎಣಿಸಿ. ಒಂದು ಬ್ಲಾಕಿನಲ್ಲಿ 6, ಇನ್ನೊಂದರಲ್ಲಿ 19 ಬಂದರೆ ಎರಡನೇ ಬ್ಲಾಕಿಗೆ ಹೋಗಿ ಗಿಡ ನೋಡಬೇಕು ಅಂತ ಅರ್ಥ. ತೇಲಿದ್ದನ್ನು ಬ್ಲೇಡಲ್ಲಿ ಸೀಳಿದರೆ ಕೊರಕವೋ, ಬರೀ ಜೊಳ್ಳೋ ಗೊತ್ತಾಗುತ್ತೆ. ಎರಡಕ್ಕೂ ಮದ್ದು ಬೇರೆ.

ಮಣ್ಣು: ಹಗುರ ಇದ್ದಷ್ಟೂ ಬೇರಿಗೆ ಸುಖ

ಮಣ್ಣಿನ ರಾಶಿ ಸಾಂದ್ರತೆ ಅಂದ್ರೆ ಸಂದುಗಳ ಸಮೇತ ಒಣಮಣ್ಣಿನ ತೂಕ. ತರಗೆಲೆ ಕೊಳೆತ ಕಾಡುಮಣ್ಣಿನಲ್ಲಿ ಇದು 1ರ ಆಸುಪಾಸು ಇರುತ್ತೆ. ತುಳಿದು, ಗಾಡಿ ಓಡಿಸಿ, ಜೆಸಿಬಿ ಹತ್ತಿಸಿ ಗಟ್ಟಿಯಾದ ಕಡೆ ಏರುತ್ತೆ. ಜೇಡಿಮಣ್ಣಿನಲ್ಲಿ ಸುಮಾರು 1.5ರ ಹತ್ತಿರ ಹೋದರೆ ಬೇರು ಇಳಿಯೋದು ಕಷ್ಟ. ಮರಳುಮಣ್ಣಿನಲ್ಲಿ ಆ ಮಿತಿ ಸುಮಾರು 1.8. ಮೂಡಿಗೆರೆ, ಕಳಸದ ಕಡೆ ಸುರಿಯುವ ಮಳೆಗೆ ಗಟ್ಟಿ ನೆಲ ನೀರು ಕುಡಿಯಲ್ಲ, ಇಳಿಜಾರಲ್ಲಿ ಮೇಲ್ಮಣ್ಣು ಸಮೇತ ಹಳ್ಳಕ್ಕೆ ಇಳಿಸಿಬಿಡುತ್ತೆ.

ಅಳೆಯಲು 7 ಸೆಂ.ಮೀ. ಒಳವ್ಯಾಸ, 10 ಸೆಂ.ಮೀ. ಉದ್ದದ ಕಬ್ಬಿಣದ ಪೈಪ್ ತುಂಡು ಸಾಕು. ಗಾತ್ರ = 3.14 × 3.5 × 3.5 × 10 = 385 ಘನ ಸೆಂ.ಮೀ. ಮಳೆ ನಿಂತು ಎರಡು ಮೂರು ದಿನ ಆದ ಮೇಲೆ, ತರಗು ಸರಿಸಿ, ಮೇಲೊಂದು ಹಲಗೆ ಇಟ್ಟು ನೇರವಾಗಿ ಬಡಿದು ಇಳಿಸಿ. ಸುತ್ತ ಅಗೆದು ಹೊರತೆಗೆದು, ಎರಡೂ ತುದಿ ಚಾಕುವಿನಿಂದ ಸಮ ಮಾಡಿ. ಮಣ್ಣನ್ನು ಪೂರ್ತಿ ಒಣಗಿಸಿ ತೂಗಿ. ಲ್ಯಾಬಿನಲ್ಲಿ 105 ಡಿಗ್ರಿ ಓವನ್‌ನಲ್ಲಿ ಒಣಗಿಸ್ತಾರೆ. ಮನೆಯಲ್ಲಿ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಬಿಸಿ ಮಾಡಬಹುದು. ಕಲ್ಲು ಸಿಕ್ಕಿದ ಸ್ಯಾಂಪಲ್ ಬಿಟ್ಟು ಬೇರೆ ತೆಗೆಯಿರಿ.

ಒಣಮಣ್ಣು 423 ಗ್ರಾಂ ಬಂದರೆ 423 ÷ 385 = 1.10. ಸಂದು ಎಷ್ಟಿದೆ? 1 − (1.10 ÷ 2.65) = 0.58. ಅಂದ್ರೆ ನೂರರಲ್ಲಿ 58 ಭಾಗ ಗಾಳಿಗೆ, ನೀರಿಗೆ ಜಾಗ. ಗಿಡದ ಬುಡದ ಪಕ್ಕ ಒಂದು, ಕೆಲಸದವರು ಓಡಾಡುವ ದಾರಿಯಲ್ಲಿ ಒಂದು ಅಳೆದು ನೋಡಿ. ನಿಮ್ಮದೇ ತೋಟದ ಎರಡು ಸಂಖ್ಯೆಗಳ ಅಂತರ ಬಹಳ ಹೇಳುತ್ತೆ.

ಇದರಿಂದ ಇನ್ನೊಂದು ಲೆಕ್ಕ ಸಿಗುತ್ತೆ. ಒಂದು ಎಕರೆ 4,047 ಚದರ ಮೀಟರ್. ಮೇಲಿನ 15 ಸೆಂ.ಮೀ. ಮಣ್ಣು 607 ಘನ ಮೀಟರ್. ಸಾಂದ್ರತೆ 1.10 ಇದ್ದರೆ 668 ಟನ್! ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾವಯವ ಇಂಗಾಲ ಶೇ. 2 ಅಂತ ಇದ್ದರೆ, ಆ ಎಕರೆಯಲ್ಲಿ ಸುಮಾರು 13 ಟನ್ ಇಂಗಾಲ ಇದೆ. ನಾವು ಹಾಕುವ ಒಂದು ಲೋಡಿನಲ್ಲಿ ಒಣ ಗೊಬ್ಬರವೇ ಒಂದು ಟನ್ ಚಿಲ್ಲರೆ. ಒಂದೆರಡು ಲೋಡ್ ಹಾಕಿ ಮುಂದಿನ ವರ್ಷವೇ ವರದಿ ಬದಲಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಈ 668 ಟನ್ ನೆನಪಿಟ್ಟುಕೊಳ್ಳಬೇಕು. ಉದುರಿದ ತರಗು, ಚಪ್ಪರಿಸಿದ ನೆರಳುಮರದ ಸೊಪ್ಪು ಅಲ್ಲೇ ಉಳಿಸಿಕೊಳ್ಳೋದು ಅದಕ್ಕೇ ಮುಖ್ಯ. ಅದಕ್ಕೆ ಲೋಡಿನ ಬಾಡಿಗೆ ಇಲ್ಲ.

ಈ ವಾರ ಮಾಡಬೇಕಾದ್ದು

ಮೊಬೈಲ್‌ನಲ್ಲಿ 'ಸಾಂದ್ರತೆ' ಅಂತ ಒಂದು ನೋಟ್ ತೆರೆಯಿರಿ. ಪ್ರತಿ ಸಾಲಿನಲ್ಲಿ ತಾರೀಕು, ವಸ್ತು, ಎಲ್ಲಿಯದ್ದು, ತೂಕ, ಗಾತ್ರ, ಸಾಂದ್ರತೆ, ಒಣಗಿತ್ತೋ ಹಸಿಯೋ ಇಷ್ಟು ಬರೆಯಿರಿ. ತಕ್ಕಡಿಯ ಫೋಟೋ ಜೊತೆಗಿರಲಿ.

- ಇವತ್ತು: ಮನೆಯ ಒಂದು ಬಕೆಟ್, ಒಂದು ಲೀಟರ್ ಪಾತ್ರೆ ನೀರಿನಿಂದ ಅಳೆದು ಗುರುತು ಹಾಕಿ.
- ನಾಳೆ: ಉಳಿಸಿಕೊಂಡ ಮೆಣಸಿನ ಲೀಟರ್ ತೂಕ ಮೂರು ಸಲ ತೆಗೆಯಿರಿ.
- ಮುಂದಿನ ಗೊಬ್ಬರದ ಲೋಡ್ ಬಂದಾಗ: ಇಳಿಸುವ ಮೊದಲು ಟೇಪ್, ಬಕೆಟ್, ಒಂದು ಕೆ.ಜಿ. ಸ್ಯಾಂಪಲ್.

ಎರಡು ಸೀಸನ್ ಕಳೆಯುವಷ್ಟರಲ್ಲಿ ನಿಮ್ಮ ತೋಟದ್ದೇ ಆದ ಸಂಖ್ಯೆಗಳು ಕೈಲಿರುತ್ತೆ. ಆಮೇಲೆ ಯಾರಾದರೂ 'ನಿಮ್ಮ ಮಾಲು ಸ್ವಲ್ಪ ಲೈಟ್ ಇದೆ' ಅಂದ್ರೆ, 'ಎಷ್ಟು ಗ್ರಾಂ?' ಅಂತ ಕೇಳಬಹುದು.